ಏಳನೆಯ ಪಾಠ

ಶಿಗ್ಗಾವಿ,
ಸೋಮವಾರ, ೨೧ನೆಯ ಜನೆವರಿ ೧೯೪೬

ಚಿರಂಜೀವಿ ತಿಪ್ಪವ್ವನಿಗೆ,

ನಿನಗೆ ಅಕ್ಷರ ತೋರಿಸಿದ ಅಜ್ಜಪ್ಪ ಮಾಸ್ತರನು ಮಾಡುವ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀನು ಕ್ಷೇಮವಾಗಿಲ್ಲವೆಂಬುದನ್ನು ಮೊನ್ನೆ ಕಣ್ಣಾರೆ ಕಂಡಿರುವುದರಿಂದ ಅದನ್ನು ಕೇಳುವ ಉಪಚಾರ ಮಾಡುವುದಿಲ್ಲ. ಹೆಣ್ಣುಮಕ್ಕಳಿಗೆ ಬರೆಯುವಾಗ ಹೆಸರಿನ ಹಿಂದೆ ‘ಸೌಭಾಗ್ಯವತಿ’ ಎಂದು ಸೇರಿಸುವುದು ರೂಢಿ. ಅದನ್ನು ಬಿಟ್ಟದ್ದು ಮರೆವಿನಿಂದಲ್ಲ. ಸಲ್ಲದ ಪದವನ್ನು ಅಕ್ಕರೆಯಿಂದ ಬಳಸಿದರೂ ಅದು ತಪ್ಪೇ.

ಶನಿವಾರ ಮಧ್ಯಾಹ್ನ ನೀನು ಹುಸೇನಬಿಯನ್ನು ಜೊತೆಗಿಟ್ಟುಕೊಂಡು, ರಟ್ಟೀಹಳ್ಳಿಯಿಂದ ಎರಡು ಮೋಟಾರು ಬದಲಿಸಿ ನನ್ನ ಮನೆಗೆ ಬಂದೆ. ನಿಮ್ಮ ಓಣಿಯ ಬಳೆಗಾರ್ತಿಯಾದ ಆ ಹುಸೇನಬಿ ಏಳು ವರ್ಷಗಳ ಹಿಂದೆ ನನ್ನ ಪ್ರೌಢರ ವರ್ಗದಲ್ಲಿಯೂ ನಿನ್ನ ಮಗ್ಗುಲಲ್ಲಿಯೇ ಕುಳಿತಿದ್ದಳು. ನೀನು ಒಳಗೆ ಬರಲಿಲ್ಲ. ಕಟ್ಟೆಯ ಅಂಚಿನಲ್ಲಿ ಕುಳಿತು, ಸೆರಗನ್ನು ಬಾಯಿಗೆ ಹಿಡಿದು ನೀನು ಹೇಳಿದ ಮಾತು ಇಷ್ಟು: “ನನಗ ಓದಾಕ ಬರೂದಿಲ್ಲ ಅಂತ ಎರಡ ಸಾಲ ಬರದ ಕೊಡ್ರಿ ಮಾಸ್ತರ. ನಿಮ್ಮ ಕೈಲೆ ಬರದದ್ದ ಬೇಕಂತ. ಅದೊಂದ ಇದ್ರ ನನ್ನ ಹುಡುಗ ನನಗ ಬರ್ತಾನಂತ ವಕೀಲರು ಹೇಳ್ಯಾರ.”

ನಿನ್ನ ವಕೀಲರು ಹೇಳಿದ್ದು ನಿಜ. ಈ ತಿಂಗಳ ಎಂಟನೆಯ ತಾರೀಖು ಕೋರ್ಟು ನಿನ್ನ ದಾವೆಯನ್ನು ವಜಾ ಮಾಡಿತು. ನಿನ್ನ ಒಬ್ಬನೇ ಮಗ ನಾಗಪ್ಪನನ್ನು ನೀನು ತಿಳಿದು, ಓದಿ, ಸ್ವಸಂತೋಷದಿಂದ ನಿನ್ನ ಭಾವ ಕರಿಬಸಪ್ಪನಿಗೆ ದತ್ತಕ ಕೊಟ್ಟಿರುವೆಯೆಂದು ತೀರ್ಮಾನಿಸಿತು. ಮೇಲಿನ ಕೋರ್ಟಿಗೆ ಹೋಗಲು ಮೂವತ್ತು ದಿನಗಳ ಅವಧಿ. ತೀರ್ಪಿನ ನಕಲು ಕೈಸೇರಲು ಹಿಡಿದ ಏಳು ದಿನಗಳನ್ನು ಅದಕ್ಕೆ ಸೇರಿಸಿದರೆ ಫೆಬ್ರುವರಿ ಹದಿನಾಲ್ಕು ಕೊನೆಯ ದಿನ. ನಿನಗೆ ಓದಲು ಬರುತ್ತದೆಂದು ಸಾಕ್ಷಿ ನುಡಿದವನು ನಾನೊಬ್ಬನೇ ಆದ್ದರಿಂದ, ಬರುವುದಿಲ್ಲವೆಂದು ಬರೆದುಕೊಡಬಲ್ಲವನೂ ನಾನೊಬ್ಬನೇ.

ಊರಿಗೆ ಹೋಗು, ಬರೆದು ಅಂಚೆಯಲ್ಲಿ ಕಳುಹಿಸುತ್ತೇನೆ, ಮತ್ತೆ ಬರುವ ಶ್ರಮ ಬೇಡ ಎಂದು ನಾನು ಹೇಳಿದೆ. ನೀನು ನನ್ನ ಕಾಲು ಮುಟ್ಟಿದೆ. ಹುಸೇನಬಿ ಮುಟ್ಟಲಿಲ್ಲ. ಅಂಗಳದಲ್ಲಿಯೇ ನಿಂತು, “ಬರೀತೇನಿ ಅಂದ್ರ ಈಗ ಬರೀರಲ್ಲ ಮಾಸ್ತರ. ದೌತಿ ಅಲ್ಲೇ ಐತಿ, ಟಾಕ ಅಲ್ಲೇ ಐತಿ. ನಾವೇನ ಮೋಟಾರು ಹಿಡದ ನಿಲ್ಲಿಸಿ ಬಂದಿಲ್ಲ” ಎಂದಳು. ಅವಸರದಲ್ಲಿ ಬರೆದದ್ದನ್ನು ನಾನು ಎಂದೂ ಯಾರಿಗೂ ಕೊಟ್ಟವನಲ್ಲ. ಅಲ್ಲದೆ ನೀನು ಕೇಳಿದ್ದು ಎರಡು ಸಾಲಿನಲ್ಲಿ ಹಿಡಿಸುವಂಥದ್ದಲ್ಲ. ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದೂ ಬರುತ್ತದೆ, ಗೊತ್ತಿಲ್ಲದ್ದೂ ಬರುತ್ತದೆ.

ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ನಾನು ನಿಮ್ಮೂರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಹಾಯಕ ಮಾಸ್ತರನಾಗಿದ್ದೆ. ನನ್ನ ಕೈಕೆಳಗೆ ಕಲಿತ ಇಬ್ಬರು ನನ್ನ ಕಣ್ಣೆದುರಿಗೇ ಮುಖ್ಯಾಧ್ಯಾಪಕರಾಗಿದ್ದರು. ಅವರಲ್ಲೊಬ್ಬನು ಇಂದಿಗೂ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲಾರನು. ಆ ವರ್ಷ ಪ್ರೌಢರಿಗೆ ಅಕ್ಷರ ಕಲಿಸಬೇಕೆಂಬ ಚಳವಳಿ ಎದ್ದಿತು. ಒಂದು ವರ್ಷದಲ್ಲಿ ತಾಲೂಕಿನಲ್ಲೆಲ್ಲ ಅತಿ ಹೆಚ್ಚು ಜನರನ್ನು ಸಾಕ್ಷರರನ್ನಾಗಿ ಮಾಡಿದ ಮಾಸ್ತರನಿಗೆ ಬೆಳ್ಳಿಯ ಪದಕವೆಂದೂ, ಶಿಗ್ಗಾವಿಯಲ್ಲಿ ತೆರವಾಗಲಿದ್ದ ಮುಖ್ಯಾಧ್ಯಾಪಕನ ಜಾಗಕ್ಕೆ ಶಿಫಾರಸು ಎಂದೂ ಒಂದು ಪತ್ರಕ ಬಂದಿತು. ಸಾಕ್ಷರರೆಂದರೆ ಯಾರು ಎಂಬುದನ್ನೂ ಅದರಲ್ಲಿ ಕಾಣಿಸಿದ್ದರು: ಇನ್ಸ್‌ಪೆಕ್ಟರ ಸಾಹೇಬರ ಮುಂದೆ ಮೊದಲನೆಯ ಪುಸ್ತಕದ ಒಂದು ಪಾಠವನ್ನು ತಡೆಯಿಲ್ಲದೆ ಓದಿ, ತಮ್ಮ ಹೆಸರನ್ನು ಬರೆಯಬಲ್ಲವರು. ನಾನು ಆ ಪತ್ರಕವನ್ನು ಮೂರು ಸಲ ಓದಿದೆ. ಒಂದು ಪಾಠ ಎಂದಷ್ಟೇ ಇತ್ತು.

ಬಹುಮಾನದ ಗುಣವನ್ನು ನಾನು ಹುಡುಗರಿಂದ ಕಲಿತಿದ್ದೆ. ಹದಿಮೂರರ ಮಗ್ಗಿಯನ್ನು ಮೊದಲು ಒಪ್ಪಿಸಿದವನಿಗೆ ಪಾಟಿಯ ಕಡ್ಡಿ ಕೊಡುತ್ತೇನೆಂದರೆ ಇಡೀ ವರ್ಗ ಎರಡು ದಿನದಲ್ಲಿ ಹದಿಮೂರರ ಮಗ್ಗಿಯನ್ನು ಕಲಿಯುತ್ತಿತ್ತು. ಹದಿನಾಲ್ಕರದನ್ನು ಒಬ್ಬನೂ ತೆರೆದು ನೋಡುತ್ತಿರಲಿಲ್ಲ. ಕಡ್ಡಿಯನ್ನು ಎಲ್ಲಿ ಇಟ್ಟಿದೆಯೋ ಅಲ್ಲಿಯವರೆಗೆ ಓಡಿ ಬಂದು ನಿಲ್ಲುವುದು ಮನುಷ್ಯನ ಸ್ವಭಾವ. ನಾನೂ ಮನುಷ್ಯನೇ. ನನ್ನ ಕಡ್ಡಿ ಆ ಪತ್ರಕದಲ್ಲಿ ಇತ್ತು.

ಮಧ್ಯಾಹ್ನ ಮೂರಕ್ಕೆ ಶಾಲೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ವರ್ಗ ತೆರೆದೆ. ಮೊದಲ ವಾರ ಹನ್ನೊಂದು ಜನ ಬಂದರು, ಎರಡನೆಯ ವಾರ ನಾಲ್ವರು. ಶಾಲಾ ಕಮಿಟಿಯ ಹಿರಿಯನೆಂದು ನಿನ್ನ ಭಾವ ಕರಿಬಸಪ್ಪನ ಬಳಿಗೆ ಹೋದೆ. ಅವನು ಆಗಲೇ ಅಕ್ಕಿಆಲೂರಿನಲ್ಲಿ ಭತ್ತದ ಗಿರಣಿ ಹಾಕಿ ಅಲ್ಲಿಯೇ ಮನೆ ಮಾಡಿದ್ದರೂ ಊರಿನ ಕಾರುಬಾರನ್ನು ಬಿಟ್ಟಿರಲಿಲ್ಲ. ನನ್ನ ಮಾತು ಕೇಳಿ ನಕ್ಕು, “ಹೆಣ್ಮಕ್ಕಳಿಗೆ ಅಕ್ಷರ ತೋರಿಸಿದ್ರ ಬರ್ತಾರೇನ್ರಿ ಮಾಸ್ತರ? ಖಣ ತೋರಸ್ರಿ” ಎಂದು ಗುಳೇದಗುಡ್ಡದ ಕುಪ್ಪಸದ ಖಣಗಳ ಒಂದು ಕಟ್ಟನ್ನೇ ಕೊಟ್ಟು ಕಳುಹಿಸಿದ. ಪಾಸಾದವರಿಗೆಲ್ಲ ಒಂದೊಂದು ಖಣ ಎಂದು ನಾನು ಸಾರಿಸಿದೆ. ಮುಂದಿನ ಸೋಮವಾರ ಪಡಸಾಲೆಯಲ್ಲಿ ನಲವತ್ತೊಂದು ಜನರಿದ್ದರು. ಕಂಬಕ್ಕೆ ಒರಗಿ, ಎಲ್ಲರಿಗಿಂತ ಹಿಂದೆ, ನಾಲ್ಕು ವರ್ಷದ ನಾಗಪ್ಪನನ್ನು ತೊಡೆಯ ಮೇಲೆ ಇಟ್ಟುಕೊಂಡು ನೀನು ಕುಳಿತಿದ್ದೆ.

ನಿನ್ನ ಗಂಡ ತೀರಿ ಆಗ ಮೂರು ವರ್ಷ. ಮೂರು ವರ್ಷದಿಂದ ನಿನಗೆ ಯಾರ ಮನೆಯಲ್ಲಿಯೂ ಉಡಿ ತುಂಬಿರಲಿಲ್ಲ, ಒಂದು ಖಣ ಕೊಟ್ಟಿರಲಿಲ್ಲ. ಮುತ್ತೈದೆಯರು ಸಾಲಾಗಿ ಕುಳಿತು ಸೆರಗು ಒಡ್ಡುವಾಗ ನೀನು ಅಡಿಗೆಯ ಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ವರ್ಗ ಮುಗಿದು ಎಲ್ಲರೂ ಹೋದ ಮೇಲೆ ನೀನು ಬಂದು, ನೆಲ ನೋಡುತ್ತ, “ಎಲ್ಲಾರಿಗೂ ಅಂದ್ರಿ. ಎಲ್ಲಾರಿಗೂ ಅಂದ್ರ ನನಗೂ ಏನ್ರಿ?” ಎಂದು ಕೇಳಿದೆ. ಪತ್ರಕದಲ್ಲಿ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಓದಿದವರಿಗೆಲ್ಲ ಉಂಟು ಎಂದೆ. ಆಗ ನಿನ್ನ ಮುಖವನ್ನು ನೋಡಿದೆ. ಹುಡುಗರ ಮುಖದಲ್ಲಿ ನಾನು ಹುಡುಕುತ್ತಿದ್ದುದು ಅದೇ. ಯಾವ ಮನುಷ್ಯನು ಏನನ್ನು ಕೊಟ್ಟರೆ ನಡೆಯುತ್ತಾನೆಂಬುದು ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ.

ನಲವತ್ತೊಂದು ಜನರಿಗೆ ಹತ್ತು ತಿಂಗಳಲ್ಲಿ ಓದು ಬರುವುದು ಸಾಧ್ಯವಿರಲಿಲ್ಲ. ಆದರೆ ಒಂದು ಪಾಠ ಬಾಯಿಗೆ ಬರಬಹುದಿತ್ತು. ಆಕಳು ಮತ್ತು ಕರುವಿನ ಏಳನೆಯ ಪಾಠವನ್ನು ಆರಿಸಿದೆ, ಅದರಲ್ಲಿ ಒತ್ತಕ್ಷರ ಕಡಿಮೆ. ಜೋಗುಳ ಕಲಿಸಿದಂತೆ ನಾನು ಹೇಳಿದೆ, ನೀವು ಹೇಳಿದಿರಿ. ಬೆರಳನ್ನು ಎಷ್ಟು ಹೊತ್ತಿಗೆ ಎಷ್ಟು ಸರಿಸಬೇಕು, ಯಾವ ಮಾತಿಗೆ ಹಾಳೆ ಮಗುಚಬೇಕು ಎಂಬುದನ್ನೆಲ್ಲ ಕಲಿಸಿದೆ. ಪ್ರಾರಂಭಿಸಲು ಗುರುತು ನನ್ನ ತಲೆಯಲ್ಲಿತ್ತು. ನಾನು ತಲೆ ಆಡಿಸಿದೊಡನೆ ತೊಡಗಬೇಕು, ಅದಕ್ಕೆ ಮೊದಲು ಉಸಿರು ತೆಗೆಯಬಾರದು. ಇನ್ನು ಸಾಹೇಬರು ಬೇರೆ ಪಾಠವನ್ನು ಕೇಳಿದರೆ ಎಂಬ ಭಯ. ಅದಕ್ಕಾಗಿ ಪುಸ್ತಕವನ್ನು ಏಳನೆಯ ಪಾಠಕ್ಕೆ ತೆರೆದು, ಮೇಲೆ ಭಾರದ ಕಲ್ಲು ಹೇರಿ ಎಂಟು ದಿನ ಇಟ್ಟೆ. ಬೆನ್ನು ಮುರಿದ ಪುಸ್ತಕ ಯಾರ ಕೈಯಲ್ಲಿ ಬಿಟ್ಟರೂ ಅಲ್ಲಿಯೇ ತೆರೆಯುತ್ತದೆ. ಇದು ನಿನಗೆ ಗೊತ್ತಿಲ್ಲ. ಸಾಹೇಬರು ಪ್ರತಿ ಸಲವೂ ತಾವಾಗಿಯೇ ನಿಮ್ಮ ಪಾಠವನ್ನು ತೆಗೆದರೆಂದು ನೀವೆಲ್ಲರೂ ಬೆರಗಾಗಿದ್ದಿರಿ. ನಿಮ್ಮಲ್ಲಿ ಕೆಲವರು ಅದನ್ನು ಕದಂಬೇಶ್ವರನ ಕೃಪೆ ಎಂದಿರಿ.

ಪರೀಕ್ಷೆಯ ದಿನ ತಪ್ಪಿದವಳು ಹುಸೇನಬಿ ಒಬ್ಬಳೇ. ಅವಳು ಅರ್ಧ ಓದಿದ್ದಾಗ ಸಾಹೇಬರಿಗೆ ಸೀನು ಬಂದಿತು. ಇಲ್ಲಿಂದ ಮುಂದೆ ಓದಮ್ಮ ಎಂದು ಅವರು ಬೆರಳಿಟ್ಟು ತೋರಿಸಿದರು. ಅವಳು ಮತ್ತೆ ಮೊದಲಿನಿಂದ ತೊಡಗಿದಳು. ಹೀಗೇಕೆಂದು ಕೇಳಿದಾಗ, “ನಡುವಿಂದ ಹಾಡ ಎತ್ತಾಕ ಬರ್ತೈತೇನ್ರಿ ಸಾಹೇಬರ? ನಿಮಗ ಬಂದ್ರ ನೀವ ಎತ್ರಿ, ನಾ ಹಿಂದ ಹಾಡ್ತೇನಿ” ಎಂದಳು. ಸಾಹೇಬರು ನಕ್ಕರು. ಅವರಿಗೆ ಯಲವಿಗಿಯ ಸ್ಟೇಷನ್ನಿನಲ್ಲಿ ಗಾಡಿ ಹಿಡಿಯುವ ಅವಸರವಿತ್ತು, ಪಾಸೆಂದು ಬರೆದರು. ನೀನು ಮಾತ್ರ ಒಂದು ಅಕ್ಷರವೂ ತಪ್ಪದೆ, ಅರ್ಧವಿರಾಮಕ್ಕೂ ನಿಂತು ಓದಿದೆ. ಆ ಮೇಲೆ ಖಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ.

ನಾನು ಇಲ್ಲಿ ಒಂದು ಸಂಗತಿಯನ್ನು ಬರೆಯಲೇಬೇಕು. ಮರುದಿನ ಮೂರಕ್ಕೆ ನೀನು ಪಡಸಾಲೆಗೆ ಬಂದೆ. ನಲವತ್ತೊಂದು ಜನರಲ್ಲಿ ನೀನೊಬ್ಬಳೇ ಬಂದೆ. ನಾನು ಚಾಪೆಗಳನ್ನು ಸುತ್ತಿಸುತ್ತಿದ್ದೆ. “ಎಂಟನೇ ಪಾಠ ಯಾವಾಗ್ರಿ ಮಾಸ್ತರ?” ಎಂದು ಕೇಳಿದೆ. ಪ್ರಮಾಣಪತ್ರ ಬಂದಿತು, ಖಣ ಬಂದಿತು, ಇನ್ನೇನು ಬೇಕು ಎಂದೆ. “ಅದಲ್ರಿ. ಬೆರಳ ಇಡ್ತೇನಿ, ಆದ್ರ ಯಾವುದು ಯಾವುದ ಅಂತ ತಿಳಿವಲ್ದು. ಅದನ್ನ ಕಲಸ್ರಿ” ಎಂದೆ. ವರ್ಗ ಮುಗಿಯಿತು ಎಂದು ಹೇಳಿ ಕಳುಹಿಸಿದೆ. ಬಹುಮಾನ ಸಿಕ್ಕಿದ ಮೇಲೆಯೂ ಮುಂದಿನ ಮಗ್ಗಿಯನ್ನು ಕೇಳಿದ ಒಂದು ಮಗುವನ್ನೂ ಮೂವತ್ತೊಂದು ವರ್ಷದ ಚಾಕರಿಯಲ್ಲಿ ನಾನು ಕಂಡಿಲ್ಲ. ಆ ಲೆಕ್ಕದಲ್ಲಿ ನೀನು ಹೊಂದುವುದಿಲ್ಲ. ಅದರ ಬಗೆಗೆ ಹೆಚ್ಚು ಯೋಚಿಸಲು ನನಗೆ ಆಗ ಸಮಯವಿರಲಿಲ್ಲ, ಶಿಗ್ಗಾವಿಯ ಆರ್ಡರು ಬಂದಿತ್ತು.

ನಾಲ್ಕು ವರ್ಷದ ಮೇಲೆ, ನಲವತ್ತಮೂರರ ಬೇಸಗೆಯಲ್ಲಿ, ಕರಿಬಸಪ್ಪ ಸವಣೂರಿನ ಎಲೆಯ ಒಂದು ಕವಳಿಗೆಯನ್ನು ಹಿಡಿದು ಇಲ್ಲಿಗೆ ಬಂದ. ಮಕ್ಕಳಿಲ್ಲದ ಚಿಂತೆಯನ್ನು ತೋಡಿಕೊಂಡ. ತಮ್ಮನ ಮಗನನ್ನು ಮಡಿಲಿಗೆ ಹಾಕಿಕೊಳ್ಳಬೇಕೆಂದಿದ್ದಾನೆ, ನಿನ್ನನ್ನು ಕೇಳಿದರೆ ನೀನು ಒಪ್ಪುವವಳಲ್ಲ ಎಂದ. ಆ ಮೇಲೆ, “ತಿಪ್ಪವ್ವಗ ಸಹಿ ಮಾಡಾಕ ಬರ್ತೈತಲ್ರಿ?” ಎಂದು ಕೇಳಿದ. ಬರುತ್ತದೆ ಎಂದೆ. “ಓದಾಕ?” ಎಂದ. ನಾನು ಮತ್ತೆ, ಸಹಿ ಮಾಡಲು ಬರುತ್ತದೆ ಎಂದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, “ಅಷ್ಟ ಸಾಕ ಬಿಡ್ರಿ” ಎಂದ. ಹೆಬ್ಬಟ್ಟು ಒತ್ತುವವರಿಗೆ ನೋಂದಣಿಯ ಕಚೇರಿಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದಿ, ತಿಳಿಯಿತೇ ಎಂದು ಕೇಳುತ್ತಾರೆ. ಸಹಿ ಮಾಡುವವರು ಓದಿಕೊಂಡೇ ಬಂದಿದ್ದಾರೆಂದು ತಿಳಿಯುತ್ತಾರೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಿನ್ನನ್ನು ಅಕ್ಕಿಆಲೂರಿಗೆ ಕರೆಯಿಸಿಕೊಳ್ಳುವುದು ಹೇಗೆಂಬುದನ್ನೂ ಅವನು ಕೇಳಿದ. ಉಡಿ ತುಂಬಿಸು ಎಂದೆ. ಇದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನೀನು ಕೇಳದಿದ್ದರೂ ನಿನಗೆ ಹೇಳುತ್ತಿದ್ದೇನೆ.

ನಾಗಪ್ಪ ದೊಡ್ಡಪ್ಪನ ಮನೆಯಲ್ಲಿದ್ದು ಶಾಲೆ ಕಲಿಯಲಿ ಎಂದು ಅವರು ಹೇಳಿದ್ದನ್ನು ನೀನು ನಂಬಿದೆ. ಐದು ಜನ ಹಿರಿಯರ ಮುಂದೆ ನಿನ್ನ ನೆಗೆಣ್ಣಿ, ಕರಿಬಸಪ್ಪನ ಹೆಂಡತಿ ಸರೋಜವ್ವ ಕಂಬಳಿಯ ಮೇಲೆ ಕುಳಿತು ಮಡಿಲು ಒಡ್ಡಿದಳು. ಬಿಟ್ಟಿರಲು ಹೊರಟ ಮಗುವನ್ನು ದೊಡ್ಡವ್ವನ ಮಡಿಲಲ್ಲಿ ಕೂಡಿಸಿ ಸಕ್ಕರೆ ತಿನ್ನಿಸುವುದು ಪ್ರೀತಿಯ ಶಾಸ್ತ್ರವೆಂದು ನೀನು ತಿಳಿದೆ. ದತ್ತಕ ಕೊಟ್ಟದ್ದಕ್ಕೆ ಮತ್ತು ತೆಗೆದುಕೊಂಡದ್ದಕ್ಕೆ ಕಾಯಿದೆ ಕೇಳುವ ಪುರಾವೆಯೂ ಅಷ್ಟೇ. ಅದು ಮುಗಿದ ಮೇಲೆ ಸರೋಜವ್ವ ಎದ್ದು, ಏಳು ವರ್ಷದಿಂದ ಬರಿದಾಗಿದ್ದ ನಿನ್ನ ಉಡಿಗೆ ಅಕ್ಕಿ, ಕೊಬ್ಬರಿ, ಅರಿಷಿಣ, ಹಸಿರು ಖಣ ಹಾಕಿದಳು. ನೀನು ಕಣ್ಣೀರು ಹಾಕಿದೆಯಂತೆ. “ಯಕ್ಕಾ, ನನಗ ಹಾಕಬಾರದಬೇ” ಎಂದೆಯಂತೆ. ಅವಳು, “ಹಾಕಬಾರದು ಅಂದವರು ಇಲ್ಲಿ ಯಾರದಾರ? ಒಡ್ಡ ಸೆರಗ” ಎಂದಳಂತೆ. ನೀನು ಒಡ್ಡಿದೆ.

ಮರುದಿನ, ಶಾಲೆಯ ಕಾಗದವೆಂದು ಹೇಳಿ ನಿನ್ನನ್ನು ಕರೆದೊಯ್ದ ನೋಂದಣಿಯ ಕಚೇರಿಯಲ್ಲಿ, ಗುಮಾಸ್ತನು ನಿನ್ನನ್ನು ನೋಡಿ ಶಾಯಿಯ ಮೆತ್ತೆಯನ್ನು ಮುಂದಿಟ್ಟ. ಓದಿ ಹೇಳಲು ಕಾಗದವನ್ನು ಬಿಚ್ಚಿದ್ದ. ನೀನು ಮೆತ್ತೆಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿ, “ಹೆಬ್ಬಟ್ಟ ಬ್ಯಾಡ್ರಿ. ನಾ ಪಾಸಾದಾಕಿ ಅದೇನಿ” ಎಂದೆ. ಗುಮಾಸ್ತನು ಕಾಗದವನ್ನು ಮಡಚಿ, ಸಹಿಯ ಜಾಗವನ್ನಷ್ಟೇ ತೋರಿಸಿದ. ಇದನ್ನು ನೀನೇ ಕೋರ್ಟಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಾಗ ನಿನ್ನ ವಕೀಲರು ಹಣೆಗೆ ಕೈಹಚ್ಚಿಕೊಂಡರು. ಕಾಗದದ ಮೇಲಿನ ನಿನ್ನ ಸಹಿಯನ್ನು ನಾನು ನೋಡಿದ್ದೇನೆ. ಸಾಲು ಸೊಟ್ಟಾಗಿಲ್ಲ, ಒತ್ತು ಸರಿಯಾಗಿ ಬಿದ್ದಿದೆ. ಶಿಷ್ಯರ ಅಕ್ಷರ ಕಂಡು ಆಗುವ ಸಂತೋಷ ನನಗೆ ಅಂದೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಮಗುವಿನ ವಿಷಯ. ಮೊದಲ ತಿಂಗಳು ನಾಗಪ್ಪ ಉಣ್ಣಲಿಲ್ಲ, ಗಿರಣಿಯ ಬಾಗಿಲಿಗೆ ಹೋಗಿ ಹಿರೇಕೆರೂರಿನ ಮೋಟಾರು ಕಾಯುತ್ತ ನಿಲ್ಲುತ್ತಿದ್ದ. ಸರೋಜವ್ವ ಆಳಿನ ಕೈಯಲ್ಲಿ ನನ್ನನ್ನು ಕರೆಯಿಸಿಕೊಂಡಳು. “ಅವ್ವನ ಕಡೆ ಹೋಗ್ತೇನಿ ಅಂತ ಒಂದಸವನ ಅಳತೈತ್ರಿ ಮಾಸ್ತರ. ಬಡದೂ ನೋಡಿದೆ” ಎಂದಳು. ಹೊಡೆಯುವುದು ಶಿಕ್ಷಣದಲ್ಲಿ ಕಡೆಯ ದರ್ಜೆಯ ಉಪಾಯ. ನಾನು ಸರೋಜವ್ವನಿಗೆ ಬೇರೆ ಕ್ರಮ ಹೇಳಿಕೊಟ್ಟೆ: ನಿನ್ನನ್ನು ‘ಅವ್ವ’ ಎಂದು ಕರೆದಾಗಲೆಲ್ಲ ಒಂದು ಪೇಢೆ ಕೊಡು. ತಿಪ್ಪವ್ವನನ್ನು ಕೇಳಿದರೆ ಬೈಯಬೇಡ, ಹೊಡೆಯಬೇಡ. ಎದ್ದು ಒಳಗೆ ಹೋಗಿಬಿಡು. ಒಬ್ಬನೇ ಕೂಡಲಿ. ಮೊದಲ ವಾರ ದಿನಕ್ಕೆ ಎರಡು ಪೇಢೆಯೂ ಖರ್ಚಾಗಲಿಲ್ಲ. ನಾಲ್ಕನೆಯ ವಾರಕ್ಕೆ ಡಬ್ಬಿ ಸಾಲದಾಯಿತು. ಆರನೆಯ ವಾರ ಪೇಢೆಯನ್ನು ನಿಲ್ಲಿಸಿರೆಂದೆ. ನಿಲ್ಲಿಸಿದ ಮೇಲೆಯೂ ಅವನು ‘ಅವ್ವ’ ಎನ್ನುವುದನ್ನು ನಿಲ್ಲಿಸಲಿಲ್ಲ. ಹುಡುಗರ ವಿಷಯದಲ್ಲಿ ನಾನು ಮಾಡಿದ ಪ್ರಯೋಗಗಳಲ್ಲಿ ಇಷ್ಟು ಪೂರ್ಣವಾಗಿ ಫಲಿಸಿದ್ದು ಇನ್ನೊಂದಿಲ್ಲ.

ಪಂಚಮಿಗೆ ಅವನನ್ನು ಕರೆದೊಯ್ಯಲು ನೀನು ಉಂಡಿ ಕಟ್ಟಿಕೊಂಡು ಬಂದೆ. ಅವನು ಜೋಕಾಲಿಯಿಂದ ಇಳಿಯದೆ, “ಚಿಗವ್ವ ಬಂದಾಳ ನೋಡಬೇ” ಎಂದು ಸರೋಜವ್ವನನ್ನು ಕೂಗಿದ. ನೀನು ಹಿಂದೆ ತಿರುಗಿ, ಬೇರೆ ಯಾರೋ ಬಂದರೆಂದು ನೋಡಿದೆ. ಆಗ ಕರಿಬಸಪ್ಪ ಕಾಗದವನ್ನು ತಂದು, “ನಿನ್ನ ಸಹಿ ಐತಲ್ಲವಾ. ನೀ ಕೊಟ್ಟೀದಿ, ನಾವ ತಗೊಂಡೇವಿ. ಇನ್ನ ಹುಡುಗನ ಮುಂದ ಅಳಬ್ಯಾಡ, ಅಂಜತೈತಿ” ಎಂದ. ನಾನು ಅಂದು ಅಲ್ಲಿಯೇ ಒಳಗಿನ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದೆ. ನೀನು ತಂದ ಉಂಡಿಗಳನ್ನು ನಮಗೇ ಬಡಿಸಿದರು.

ಇನ್ನು ಕೋರ್ಟು. ಕರಿಬಸಪ್ಪನ ವಕೀಲರು ನಮ್ಮ ಹಳೆಯ ಶಾಲೆಯಿಂದ ಆ ಪುಸ್ತಕವನ್ನೇ ತರಿಸಿದ್ದರು. ತೆರೆದರು, ಏಳನೆಯ ಪಾಠ. ನಿನ್ನ ಕೈಗೆ ಕೊಟ್ಟು, “ಓದವ್ವ” ಎಂದರು. ಬಾಯಿ ತೆರೆಯಬಾರದೆಂದು ನಿನ್ನ ವಕೀಲರು ನಿನಗೆ ಮೊದಲೇ ಹೇಳಿಟ್ಟಿದ್ದರು. ನೀನು ಪುಸ್ತಕ ನೋಡಲಿಲ್ಲ. ಬಾಗಿಲ ಬಳಿ ಸಾಕ್ಷಿಗಳ ಬೆಂಚಿನಲ್ಲಿದ್ದ ನನ್ನನ್ನು ನೋಡಿದೆ. ನಾನು ತಲೆ ಆಡಿಸಿದೆ.

ನೀನು ಓದಿದೆ. ಬೆರಳು ಸರಿಸಿದೆ, ಹಾಳೆ ಮಗುಚಿದೆ, ಅರ್ಧವಿರಾಮಕ್ಕೆ ನಿಂತೆ. ನಿನ್ನ ವಕೀಲರು ಎದ್ದು ಬೇರೆ ಹಾಳೆಯನ್ನು ತೆಗೆದು ಇದನ್ನು ಓದು ಎಂದಾಗ ನಿನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಒಂದು ಹಾಳೆಯನ್ನು ಇಷ್ಟು ಸೊಗಸಾಗಿ ಓದಿದವಳು ಇನ್ನೊಂದಕ್ಕೆ ಮೂಕಿಯಾದದ್ದು ಹೇಳಿಕೊಟ್ಟ ಹಟವೆಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದಿದ್ದಾರೆ. ತರ್ಕಕ್ಕೆ ಸರಿಯಾಗಿಯೇ ಇದೆ. ಆ ಮೇಲೆ ನನ್ನ ಸರದಿ ಬಂದಿತು. ಈಕೆಗೆ ಓದಲು ಬರುತ್ತದೆಯೇ ಎಂಬ ಪ್ರಶ್ನೆಗೆ, ಓದಿ ಉತ್ತೀರ್ಣಳಾಗಿದ್ದಾಳೆ ಎಂದು ಉತ್ತರ ಕೊಟ್ಟೆ. ಬರುವುದಿಲ್ಲವೆಂದಿದ್ದರೆ ನಲವತ್ತೊಂದು ಪ್ರಮಾಣಪತ್ರಗಳೂ, ಪದಕವೂ, ನಾನು ಮುಖ್ಯಾಧ್ಯಾಪಕನಾಗಿ ಕಳೆದ ವರ್ಷಗಳೂ ಆ ಒಂದು ಮಾತಿನಲ್ಲಿ ಸುಳ್ಳಾಗುತ್ತಿದ್ದವು. ಒಬ್ಬ ಹೆಂಗಸಿನ ಸಲುವಾಗಿ ಒಬ್ಬ ಮಾಸ್ತರನ ಇಡೀ ಆಯುಷ್ಯ ಸುಳ್ಳಾಗಬಾರದು ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಹೊರಗೆ ಬಂದಾಗ ನೀನು ನನ್ನನ್ನು ಬೈಯಲಿಲ್ಲ. “ನೀವು ತಲಿ ಅಲ್ಲಾಡಿಸಿದ್ರಿ. ಓದಂದ್ರೇನೋ ಅಂತ ಓದಿದೆ” ಎಂದಷ್ಟೇ ಅಂದೆ. ನಾನು ನಿನ್ನ ಕಡೆಗಿದ್ದೇನೆಂದು ನೀನು ತಿಳಿದಿದ್ದೆಯೆಂಬುದು ನನಗೆ ಆಗ ಗೊತ್ತಾಯಿತು. ಹುಸೇನಬಿ ಮಾತ್ರ ಎಲ್ಲರ ಮುಂದೆ, “ಗಿಣಿಗೆ ಮಾತ ಕಲಿಸಿದವ್ರು ಬೆಕ್ಕಿಗೆ ಬಾಗಲಾ ತಗದ್ರು” ಎಂದಳು.

ಊರಲ್ಲಿ ಆಡಿಕೊಳ್ಳುವ ಇನ್ನೊಂದು ಮಾತು ನಿನ್ನ ಕಿವಿಗೂ ಬಿದ್ದಿರಬೇಕು. ಕರಿಬಸಪ್ಪ ಅಕ್ಕಿಆಲೂರಿನಲ್ಲಿ ಮಕ್ಕಳಿಗಾಗಿ ಒಂದು ಓದುವ ಕೋಣೆಯನ್ನು ಕಟ್ಟಿಸಿದ್ದಾನೆ. ಅದರ ಬಾಗಿಲ ಮೇಲೆ ಕಲ್ಲಿನಲ್ಲಿ ನನ್ನ ಹೆಸರು ಕೆತ್ತಿಸುತ್ತಾನೆ. ಇದನ್ನು ಲಂಚವೆಂದು ಕರೆಯುವವರಿಗೆ ಪದಗಳ ಅರ್ಥ ಗೊತ್ತಿಲ್ಲ. ಕೆಲಸಕ್ಕೆ ಮುಂಚೆ ಗೊತ್ತುಮಾಡಿಕೊಂಡದ್ದು ಲಂಚ. ಮುಗಿದ ಮೇಲೆ ತಾನಾಗಿ ಬಂದದ್ದು ಬಹುಮಾನ. ನಾನು ಏನನ್ನೂ ಕೇಳಿರಲಿಲ್ಲ. ಕಲ್ಲನ್ನು ಫೆಬ್ರುವರಿ ಹತ್ತಕ್ಕೆ ಕೂಡಿಸುತ್ತಾರೆ. ಹೆಸರಿನಲ್ಲಿ ತಪ್ಪಾಗಬಾರದೆಂದು ನಾನೇ ಅಕ್ಷರಗಳನ್ನು ಬರೆದುಕೊಟ್ಟಿದ್ದೇನೆ.

ಇಷ್ಟು ಬರೆದ ಮೇಲೆ ನೀನು ಕೇಳಿದ ಎರಡು ಸಾಲನ್ನು ಬರೆಯದಿದ್ದರೆ ನಾನು ಆಡಿದ ಮಾತಿಗೆ ತಪ್ಪಿದಂತಾಗುತ್ತದೆ. ಮಾತಿಗೆ ತಪ್ಪಿದವನೆಂದು ನನ್ನನ್ನು ಇದುವರೆಗೆ ಯಾರೂ ಅಂದಿಲ್ಲ. ಆದ್ದರಿಂದ ಕೆಳಗೆ ಬರೆಯುತ್ತೇನೆ. ಯಾವ ಕೋರ್ಟಿಗೂ ಸಲ್ಲುವಂತೆ ಬರೆದಿದ್ದೇನೆ.

‘ಹಿರೇಕೆರೂರು ತಾಲೂಕಿನ ನಿವಾಸಿ ತಿಪ್ಪವ್ವ ಎಂಬವಳಿಗೆ ತನ್ನ ಹೆಸರನ್ನು ಬರೆಯುವುದರ ಹೊರತು ಓದುಬರಹ ಬರುವುದಿಲ್ಲ. ೧೯೩೯ರಲ್ಲಿ ಅವಳು ಒಂದು ಪಾಠವನ್ನು ಬಾಯಿಪಾಠವಾಗಿ ಒಪ್ಪಿಸಿದಳೇ ಹೊರತು ಓದಲಿಲ್ಲ. ದತ್ತಕಪತ್ರವನ್ನು ಓದಿಕೊಳ್ಳುವ ಶಕ್ತಿ ಅವಳಿಗೆ ಇರಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಹಸ್ತದಿಂದ ಬರೆದಿದ್ದೇನೆ.’

ಓದಿ ನೋಡಿದೆ, ತಿದ್ದಬೇಕಾದದ್ದು ಏನೂ ಇಲ್ಲ. ದೇವರು ನಿನಗೆ ತಾಳ್ಮೆಯನ್ನು ಕೊಡಲಿ.

ನಿನ್ನ ಹಿತವನ್ನು ಬಯಸುವ,
ಅಜ್ಜಪ್ಪ ಮಲ್ಲಪ್ಪ ಬಣಕಾರ
ನಿವೃತ್ತ ಮುಖ್ಯಾಧ್ಯಾಪಕ

ತಾಜಾಕಲಂ: ಮೇಲಿನದನ್ನು ಬರೆದು ಮುಗಿಸಿದ್ದು ಜನೆವರಿ ಇಪ್ಪತ್ತೊಂದಕ್ಕೆ, ಅದಕ್ಕೆ ಪತ್ರದ ತಲೆಯ ಮೇಲಿನ ದಿನಾಂಕವೇ ಸಾಕ್ಷಿ. ಬರೆದು ಕಳುಹಿಸುತ್ತೇನೆ ಎಂದಿದ್ದೆ. ಯಾವ ದಿನ ಅಂಚೆಗೆ ಹಾಕುತ್ತೇನೆಂದು ನೀನು ಕೇಳಲಿಲ್ಲ. ಫೆಬ್ರುವರಿ ಹನ್ನೆರಡನೆಯ ತಾರೀಖು ಹುಸೇನಬಿ ಒಬ್ಬಳೇ ಮತ್ತೆ ಬಂದಿದ್ದಳು. ಲಕೋಟೆ ಮೇಜಿನ ಮೇಲಿತ್ತು, ಅದರ ಮೇಲೆ ನಿನ್ನ ಹೆಸರೂ ಊರೂ ದಪ್ಪ ಅಕ್ಷರಗಳಲ್ಲಿದ್ದವು. ಅವಳು ಮೇಜಿಗೆ ಕೈಯೂರಿ, ಹೆಬ್ಬೆರಳು ಅದರ ಅಂಚಿಗೆ ತಾಗುತ್ತಿರುವಂತೆಯೇ ನಿಂತು, “ತಿಪ್ಪವ್ವ ದಿನಾ ಟಪಾಲಿನವನ ಹಾದಿ ಕಾಯಾಕತ್ತಾಳ್ರಿ. ನಿಮ್ಮ ಕಾಗದ ಎಲ್ಲಿ ತನಕ ಬಂತು?” ಎಂದು ಕೇಳಿದಳು. ಹತ್ತಿರದಲ್ಲಿಯೇ ಇದೆ ಎಂದೆ. ಅವಳು ನಂಬಿ ಹೋದಳು. ಇಂದು ಹದಿನಾರು, ಶನಿವಾರ. ಅಪೀಲಿನ ಅವಧಿ ಮೊನ್ನೆ ಸಂಜೆ ತೀರಿತು. ಇನ್ನು ಈ ಪತ್ರವನ್ನು ಯಾರಿಂದ ಬೇಕಾದರೂ ಓದಿಸಿಕೊಳ್ಳಬಹುದು.